ಎಲ್ಲರೂ ಕೂಡಿ ಬರೆಯುವ ಯಾದಿ

ಬೆಳಗಾವಿಯಿಂದ ಚೋರ್ಲಾ ಘಟ್ಟದ ದಾರಿಯಲ್ಲಿ ಗೋವೆಗೆ ಹೋದವರಿಗೆ ಜಾಂಬೋಟಿಯ ಪರಿಚಯ ಉಂಟು. ಖಾನಾಪುರ ತಾಲೂಕಿನ ಈ ಊರಿನ ಗೃಹಸ್ಥರೊಬ್ಬರು ಇಪ್ಪತ್ತು ವರ್ಷಗಳ ಕೆಳಗೆ, ತಮ್ಮ ತಾಯಿ ಹೇಳಿದ ಹಾಡುಗಳನ್ನು ಗಣಕಯಂತ್ರದಲ್ಲಿ ಬರೆದಿಟ್ಟಿದ್ದರೆಂದು ಭಾವಿಸೋಣ. ಇಂದು ಹೊಸ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳೂ ಚಿತ್ರವಿಚಿತ್ರ ಚಿಹ್ನೆಗಳೂ ಕಲಸಿಹೋಗಿವೆ. ತಾಯಿ ಈಗಿಲ್ಲ. ಹಾಡುಗಳೂ ಹೋದುವೇ?

ಹೋಗಿಲ್ಲ. ಆಗಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿಯೇ ಕನ್ನಡದ ಆಕಾರಗಳನ್ನು ಕೂಡಿಸುತ್ತಿದ್ದುವು. ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿವೆ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಉಪಕರಣಗಳನ್ನು ಕನ್ನಡದ ಉತ್ಸಾಹಿಗಳು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಆದರೆ ಅವು ಎಲ್ಲಿವೆ ಎಂಬುದನ್ನು ಹೇಳುವವರಾರು? ಅದಕ್ಕೊಂದು ಯಾದಿ ಬೇಕು.

ಮುಕ್ತ ತಂತ್ರಾಂಶವೆಂದರೆ ಬರಿಯ ಪುಕ್ಕಟೆ ಮಾಲಲ್ಲ. ಅದರ ಒಳಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಪರವಾನಗಿಯೇ ಹೇಳುತ್ತದೆ. ಬೆಲೆಯಿಲ್ಲದ್ದನ್ನೆಲ್ಲ ಮುಕ್ತವೆಂದು ಬರೆದುಬಿಡುವುದು ಇಂಥ ಯಾದಿಗಳ ಮೊದಲ ರೋಗ.

ಯಾದಿಯನ್ನು ಒಬ್ಬರೇ ಇಟ್ಟರೆ ಅವರಿಗೆ ಬೇಸರವಾದ ದಿನ ಅದೂ ನಿಂತಿತು. ಆದುದರಿಂದ ‘ವಿಕಿ’ಯ ಮಾರ್ಗ. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಂ 1995ರಲ್ಲಿ, ಓದುವವರೇ ತಿದ್ದಬಹುದಾದ ಪುಟಗಳನ್ನು ನಿರ್ಮಿಸಿ, ‘ಬೇಗ’ ಎಂಬರ್ಥದ ಈ ಹವಾಯಿ ಮಾತನ್ನು ಹೆಸರಾಗಿಟ್ಟರು. 2001ರ ವಿಕಿಪೀಡಿಯವೂ 2003ರಲ್ಲಿ ಮೊದಲಾದ ಅದರ ಕನ್ನಡ ಆವೃತ್ತಿಯೂ ಇದೇ ಮಾರ್ಗದವು. ಮುಕ್ತ ತಂತ್ರಾಂಶಗಳ ಒಂದು ದೊಡ್ಡ ಯಾದಿಯನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 1999ರಲ್ಲಿ ಆರಂಭಿಸಿತು. 2011ರಲ್ಲಿ ಅದೂ ವಿಕಿಯಾಯಿತು.

ಯಾರಾದರೂ ಕೆಡಿಸಿದರೆ? ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಯುವುದರಿಂದ ಹಿಂದಿನ ರೂಪವನ್ನು ಕ್ಷಣಮಾತ್ರದಲ್ಲಿ ಮರಳಿಸಬಹುದು. ಪುಂಡರಿಗಿಂತ ಜಾಹೀರಾತಿನವರ ಕಾಟವೇ ಹೆಚ್ಚು. ಅದಕ್ಕಿಂತ ದೊಡ್ಡದು ಕಾಲದ ಕಾಟ. ಗೂಗಲ್ ಸಂಸ್ಥೆ ತನ್ನ ‘ಗೂಗಲ್ ಕೋಡ್’ ಉಗ್ರಾಣವನ್ನು 2016ರಲ್ಲಿ ಮುಚ್ಚಿದಾಗ ಅಲ್ಲಿಯ ಅನೇಕ ಕೃತಿಗಳು ಬೇರೆಡೆಗೆ ಸಾಗಿದುವು. ಹಳೆಯ ವಿಳಾಸ ಬರೆದುಕೊಂಡ ಯಾದಿಗಳು ಹಾಳು ಮನೆಯ ಬಾಗಿಲು ತೋರಿಸುವಂತಾದುವು. ಓಪನ್‌ಆಫೀಸ್‌ನ ಕೆಲಸಗಾರರಲ್ಲಿ ಬಹುಮಂದಿ 2010ರಲ್ಲಿ ಬೇರೆಯಾಗಿ ಲಿಬ್ರೆಆಫೀಸ್ ಕಟ್ಟಿದರು. ಇದನ್ನು ನಮೂದಿಸದ ಯಾದಿ ಸುಳ್ಳು ಹೇಳದಿದ್ದರೂ ಓದುಗನನ್ನು ದಾರಿ ತಪ್ಪಿಸುತ್ತದೆ.

ಆದ್ದರಿಂದ ಪ್ರತಿ ಹೆಸರಿನ ಮುಂದೆ ಪರವಾನಗಿ, ಈಗಿನ ವಿಳಾಸ, ಕೊನೆಯ ಆವೃತ್ತಿಯ ದಿನಾಂಕ, ಯಾವ ಭಾಷೆಗಳಲ್ಲಿ ನಡೆಯುತ್ತದೆಂಬುದು, ಪರೀಕ್ಷಿಸಿ ನೋಡಿದ ದಿನ, ಇಷ್ಟಾದರೂ ಇರಬೇಕು. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ಜಾಂಬೋಟಿಯಂಥ ಊರಿಗೆ ಭಾಷೆಯ ವಿವರ ತೀರ ಅವಶ್ಯ. ಪರೀಕ್ಷಿಸದ ಇನ್ನೂರು ಹೆಸರಿಗಿಂತ ಪರೀಕ್ಷಿಸಿದ ಇಪ್ಪತ್ತೇ ಲೇಸೆಂದು ನನ್ನ ಮತ. ಕೆಲಸ ನಿಂತುಹೋದ ತಂತ್ರಾಂಶವನ್ನಾದರೂ ಅಳಿಸಲಾಗದು; ‘ನಿಂತಿದೆ’ ಎಂದು ಬರೆದರೆ ಸಾಕು. ಒಳಬರಹ ತೆರೆದಿರುವ ತನಕ ಇನ್ನೊಬ್ಬರು ಅದನ್ನು ಕೈಗೆತ್ತಿಕೊಳ್ಳಬಹುದಲ್ಲವೇ?

ಇನ್ನು ನಮ್ಮ ಗೃಹಸ್ಥರು. ಯಾದಿಯಿಂದ ಉಪಕರಣ ದೊರೆತು ಹಾಡುಗಳು ಕನ್ನಡಕ್ಕೆ ಮರಳಿದುವೆನ್ನೋಣ. ಅರ್ಕಾವೊತ್ತು ಮಾತ್ರ ಕೆಲವೆಡೆ ತಪ್ಪಿದೆ. ಅದನ್ನು ಕೈಯಿಂದ ತಿದ್ದಿಕೊಂಡ ಮೇಲೆ ಅವರು ಯಾದಿಯ ಅದೇ ಪುಟಕ್ಕೆ ಹಿಂದಿರುಗಿ, ಯಾವ ಹಳೆಯ ಅಕ್ಷರವಿನ್ಯಾಸದ ಕಡತ, ಎಲ್ಲಿ ತಪ್ಪಿತು, ಎಂದು ಪರೀಕ್ಷಿಸಿದೆ ಎಂಬ ಎರಡು ಸಾಲು ಸೇರಿಸಲು ಐದು ನಿಮಿಷವೂ ಬೇಡ.