ಬಣ್ಣದ ಲೆನ್ಸ್ ಹಾಕುವ ಮುಂಚೆ

ಕಲೋತ್ಸವ ಬಂತೆಂದರೆ ವೇಷದ ಸಾಮಾನಿನ ಪಟ್ಟಿ ಬೆಳೀತಾ ಹೋಗುತ್ತದೆ. ಈಗ ಅದಕ್ಕೆ ಬಣ್ಣದ ಕಾಂಟ್ಯಾಕ್ಟ್ ಲೆನ್ಸೂ ಸೇರಿದೆ. ರಾಕ್ಷಸನಿಗೆ ಕೆಂಪು ಕಣ್ಣು, ಬೆಕ್ಕಿಗೆ ಹಸಿರು ಕಣ್ಣು. "ಪವರ್ ಇಲ್ಲ ಸರ್, ಬರೀ ಬಣ್ಣ" ಅಂತೀರಿ. ಪವರ್ ಇಲ್ಲದಿದ್ದರೂ ಅದು ಕೂರುವುದು ಕಣ್ಣಿನ ಮೇಲೆಯೇ ತಾನೆ?

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ಸರಾಗವಾಗಿ ಒಳಗೆ ಹೋಗುತ್ತಿರಲಿಲ್ಲ. ಹಾಗಾದರೆ ಅದಕ್ಕೆ ಆಮ್ಲಜನಕ ಎಲ್ಲಿಂದ? ಹೆಚ್ಚಿನ ಪಾಲು ಗಾಳಿಯಿಂದ, ಕಣ್ಣೀರಿನ ತೆಳು ಪದರದಲ್ಲಿ ಕರಗಿ ಬರುತ್ತದೆ. ಲೆನ್ಸ್ ಈ ದಾರಿಗೆ ಅಡ್ಡ. ನಿದ್ದೆಯಲ್ಲಿ ರೆಪ್ಪೆಯೂ ಮುಚ್ಚಿದರೆ ಪೂರೈಕೆ ಇನ್ನೂ ಕಡಿಮೆಯಾಗಿ ಕಾರ್ನಿಯಾ ಊದಿಕೊಳ್ಳುತ್ತದೆ. ಕಾರ್ಯಕ್ರಮ ಮುಗಿಸಿ ಬಸ್ಸಿನಲ್ಲಿ ತೂಕಡಿಸುವುದೂ ನಿದ್ದೆಯೇ, ನೆನಪಿರಲಿ.

ಎಲ್ಲರ ಕಾರ್ನಿಯಾದ ವಕ್ರತೆ ಒಂದೇ ಅಲ್ಲ. ಬಿಗಿಯಾದ ಲೆನ್ಸ್ ಅಂಟಿಕೊಳ್ಳುತ್ತದೆ, ಸಡಿಲವಾದದ್ದು ಜಾರಿ ಉಜ್ಜುತ್ತದೆ. ಅದಕ್ಕೇ ಬರೀ ಬಣ್ಣದ ಲೆನ್ಸಿಗೂ ಕಣ್ಣಿನ ವೈದ್ಯರು ಅಳತೆ ನೋಡಿ ಬರೆದುಕೊಡಬೇಕು. ಅಮೆರಿಕದಲ್ಲಿ 2005ರ ಕಾನೂನು ಇದನ್ನು ವೈದ್ಯಕೀಯ ಸಾಧನವೆಂದೇ ಕರೆದಿದೆ; ಅಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಗೆಳತಿ ಹಾಕಿ ತೆಗೆದ ಲೆನ್ಸಂತೂ ಬೇಡವೇ ಬೇಡ. ಅವಳ ಕಣ್ಣಿನ ರೋಗಾಣುಗಳೂ ಜೊತೆಗೆ ಬರುತ್ತವೆ.

ಇನ್ನು ನೀರು. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಅಕಾಂತಮೀಬ ಇರಬಹುದು. ನೀವು ಪಾಠದಲ್ಲಿ ಓದಿದ ಅಮೀಬದ ದೂರದ ನೆಂಟ. ಮಣ್ಣು, ಕೆರೆ, ನಲ್ಲಿ ನೀರು ಎಲ್ಲೆಡೆ ಬದುಕುತ್ತದೆ. ಲೆನ್ಸಿನಿಂದ ಗೀರಿದ ಕಾರ್ನಿಯಾದೊಳಗೆ ಹೊಕ್ಕರೆ ಅದನ್ನೇ ತಿನ್ನತೊಡಗುತ್ತದೆ. ಔಷಧ ಹಾಕಿದರೆ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಅವಿತು ಕೂರುತ್ತದೆ. ಹಾಗಾಗಿ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ, ದೃಷ್ಟಿ ಹೋಗಲೂಬಹುದು. ನೀರಲ್ಲಾಗಲಿ ಎಂಜಲಲ್ಲಾಗಲಿ ಲೆನ್ಸ್ ತೊಳೀಬೇಡಿ. ಲೆನ್ಸಿನ ದ್ರಾವಣ ಮಾತ್ರ, ಅದೂ ಪ್ರತಿಸಲ ಹೊಸತು.

ಸೋಪು ಹಾಕಿ ಕೈ ತೊಳೆದು, ಒರೆಸಿ, ಮೊದಲು ಲೆನ್ಸ್ ಹಾಕಿ. ಆಮೇಲೆ ಮುಖಕ್ಕೆ ಬಣ್ಣ. ಆಟ ಮುಗಿದ ಮೇಲೆ ಮೊದಲು ಲೆನ್ಸ್ ತೆಗೆಯಿರಿ, ಆಮೇಲೆ ಬಣ್ಣ ಒರೆಸಿ. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋದೀತೆಂದು ಹೆದರಬೇಡಿ, ರೆಪ್ಪೆಯ ಒಳಪೊರೆ ಮಡಚಿಕೊಂಡು ಆ ದಾರಿ ಮುಚ್ಚಿದೆ. ನನ್ನನ್ನು ಕೇಳಿದರೆ, ಹಿಂದಿನ ಸಾಲಿನವರಿಗೆ ಕಣ್ಣಿನ ಬಣ್ಣ ಕಾಣುವುದೇ ಇಲ್ಲ. ಅಲ್ಲಿಗೆ ಕಾಣುವುದು ಕಾಡಿಗೆ.

ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ಮಂಜಾದರೆ ಕೂಡಲೇ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಲೆನ್ಸನ್ನೂ ಅದರ ಡಬ್ಬಿಯನ್ನೂ ಎಸೆಯದೆ ಜೊತೆಗೆ ಒಯ್ಯಿರಿ. ಯಾವ ರೋಗಾಣು ಎಂದು ಪ್ರಯೋಗಾಲಯದಲ್ಲಿ ಅವುಗಳಿಂದಲೂ ಪತ್ತೆ ಮಾಡಬಹುದು.