ಪೆನ್‌ಡ್ರೈವ್ ಕಸಿಯಾಗುವ ಬಗೆ

ಟಿವಿ ಪಕ್ಕದ ಪುಟ್ಟ ಲಿನಕ್ಸ್ ಪೆಟ್ಟಿಗೆಗೆ ಪೆನ್‌ಡ್ರೈವ್ ಸಿಕ್ಕಿಸಿ ರಿಮೋಟ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಸಿನಿಮಾ, ಹಾಡು ನಡೆಸುವ ‘ಕೋಡಿ’ ತಂತ್ರಾಂಶದ ಪರದೆಯಲ್ಲಿ ಅದರ ಹೆಸರು ಮೂಡಿರುತ್ತದೆ. ಯಾರೂ ಯಾವ ಗುಂಡಿಯನ್ನೂ ಒತ್ತಿಲ್ಲ. ಆ ಒಂದೆರಡು ಸೆಕೆಂಡಿನಲ್ಲಿ ಪೆಟ್ಟಿಗೆಯೊಳಗೆ ನಡೆಯುವ ಮಾತುಕತೆ ನನಗಂತೂ ಮುಂದೆ ನೋಡಲಿರುವ ಸಿನಿಮಾದಷ್ಟೇ ಸ್ವಾರಸ್ಯದ್ದು.

ಯುಎಸ್‌ಬಿ 2.0 ಪೆನ್‌ಡ್ರೈವ್ ಬಂದ ಸುದ್ದಿಯನ್ನು ಮೊದಲು ಮುಟ್ಟಿಸುವುದು 1.5 ಕಿಲೋಓಮ್‌ನ ಒಂದು ರೆಸಿಸ್ಟರ್. ಡ್ರೈವಿನೊಳಗಿರುವ ಅದು ಎರಡು ಡೇಟಾ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲೆತ್ತುತ್ತದೆ. ಯಾರೋ ಬಂದರೆಂದು ಪೋರ್ಟಿಗೆ ತಿಳಿಯುವುದು ಅಷ್ಟರಿಂದಲೇ. ಹೊಸಬರಿಗೆ ವಿಳಾಸವಿರುವುದಿಲ್ಲ, ‘ಸೊನ್ನೆ’ ಎಂದು ಕರೆದರೆ ಓಗೊಡುತ್ತಾರೆ. ಲಿನಕ್ಸಿನ ತಿರುಳಾದ ಕರ್ನಲ್ 1ರಿಂದ 127ರೊಳಗಿನ ಒಂದು ಸಂಖ್ಯೆ ಕೊಟ್ಟು, ಆಮೇಲೆ ಊರು ಕೇರಿ ವಿಚಾರಿಸುತ್ತದೆ: ತಯಾರಿಸಿದವರು ಯಾರು, ಯಾವ ಮಾದರಿ, ಯಾವ ವರ್ಗ? ವರ್ಗ 8 ಎಂದರೆ ಸಂಗ್ರಹ ಸಾಧನ. ಅಲ್ಲಿಂದಾಚೆಗೆ ಮಾತೆಲ್ಲ 1980ರ ದಶಕದ ಸ್ಕಸಿ ಡಿಸ್ಕುಗಳ ಆಜ್ಞೆಗಳಲ್ಲಿ. ಅದಕ್ಕೇ ಇಂದಿನ ಪೆನ್‌ಡ್ರೈವಿಗೂ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರು.

ಇಲ್ಲಿಗೆ ಕರ್ನಲ್‌ನ ಕೆಲಸ ಮುಗಿಯಿತು. ‘ಡಿಸ್ಕೊಂದು ಬಂದಿದೆ’ ಎಂದು ಕೂಗಿ ಹೇಳುತ್ತದೆ, ಅಷ್ಟೇ. ಆ ಕೂಗಿಗೆ ಕಿವಿಗೊಟ್ಟು ಕೂತಿರುವುದು ಯುಡೆವ್. ಗ್ರೆಗ್ ಕ್ರೋವಾ-ಹಾರ್ಟ್‌ಮನ್ 2003ರಲ್ಲಿ ಇದನ್ನು ಬರೆಯುವ ಮುನ್ನ ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ಇಲ್ಲದ ಸಾಧನಗಳಿಗೂ ಸಾವಿರಾರು ಹೆಸರುಗಳನ್ನು ಮೊದಲೇ ಬರೆದಿಟ್ಟಿರುತ್ತಿದ್ದರು. ಯುಡೆವ್ ಬಂದವರಿಗೆ ಮಾತ್ರ ಹೆಸರಿಡುತ್ತದೆ. ಡಿಸ್ಕಿನ ಕೆಲವು ಭಾಗ ಓದಿ ಒಳಗಿನ ಫೈಲ್ ವ್ಯವಸ್ಥೆ ಎಫ್‌ಎಟಿಯೋ, ಎನ್‌ಟಿಎಫ್‌ಎಸ್ಸೋ, ಎಕ್ಸ್‌ಟಿ4ಓ ಎಂದು ಪತ್ತೆಮಾಡುತ್ತದೆ, ಅದರ ಯುಯುಐಡಿ ಗುರುತನ್ನೂ ಬರೆದುಕೊಳ್ಳುತ್ತದೆ.

ಇನ್ನು ಉಳಿದದ್ದು ಮೌಂಟ್. ಯುನಿಕ್ಸ್ ಕುಲದಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ಬೇರೆ ಬೇರೆ ಗಿಡಗಳಿಲ್ಲ, ಇರುವುದು ಒಂದೇ ಮರ. ಹೊಸ ಡಿಸ್ಕಿನ ಫೈಲುಗಳ ಕೊಂಬೆಯನ್ನು ಆ ಮರದ ಒಂದು ಫೋಲ್ಡರಿಗೆ ಕಸಿ ಕಟ್ಟಬೇಕು. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ‘ಮೌಂಟ್’ ಆಜ್ಞೆ ಇತ್ತು. ಡೆಸ್ಕ್‌ಟಾಪುಗಳಲ್ಲಿ ಕಸಿಯ ಕೆಲಸಕ್ಕೆ ಯುಡಿಸ್ಕ್ಸ್ ಎಂಬ ಸೇವೆ ನೆರವಾಗುತ್ತದೆ. ಮಾಧ್ಯಮಕ್ಕೆಂದೇ ರೂಪಿಸಿದ ಲಿಬ್ರೆಎಲೆಕ್ ಎಂಬ ಲಿನಕ್ಸಿನಲ್ಲಿ ಈ ಏರ್ಪಾಡು ಮೊದಲೇ ಇರುತ್ತದೆ.

ತಾವೇ ಪೆಟ್ಟಿಗೆ ಕಟ್ಟಿಕೊಳ್ಳುವವರು ಎಡವುವುದು ಇಲ್ಲಿ. ‘ಡಿಸ್ಕ್ ಬಂದರೆ ಮೌಂಟ್ ಮಾಡು’ ಎಂದು ಯುಡೆವ್‌ಗೇ ನಿಯಮ ಬರೆಯುತ್ತಾರೆ. ಆಜ್ಞೆ ಓಡಿತೆಂದೇ ತೋರುತ್ತದೆ, ಆದರೆ ಫೋಲ್ಡರ್ ತೆರೆದರೆ ಖಾಲಿ. ಸುರಕ್ಷತೆಗಾಗಿ ಇಂದಿನ ಯುಡೆವ್ ತನ್ನದೇ ಬೇಲಿಯೊಳಗೆ ನಡೆಯುತ್ತದೆ; ಅಲ್ಲಿ ಕಟ್ಟಿದ ಕಸಿ ಹೊರಗಿನವರಿಗೆ ಕಾಣುವುದೇ ಇಲ್ಲ. ನಿಯಮವು ಕೆಲಸವನ್ನು ಯಂತ್ರದ ಸೇವೆಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿಗೆ ಒಪ್ಪಿಸಬೇಕು, ಮೌಂಟ್ ಮಾಡುವುದನ್ನು ಅದರ ಪಾಲಿಗೆ ಬಿಡಬೇಕು. ಇದು ತಿಳಿಯದೆ ನಾನು ಒಂದು ಭಾನುವಾರವನ್ನೇ ಕಳೆದಿದ್ದೇನೆ.

ಸದಾ ಅಂಟಿಕೊಂಡೇ ಇರುವ ಡಿಸ್ಕಿನ ವಿಷಯ ಬೇರೆ. ಅದನ್ನು ಮೌಂಟ್ ಆಗಬೇಕಾದ ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನಮೂದಿಸುವುದೇ ಸರಿ, ಆದರೆ ‘ಎಸ್‌ಡಿಎ’ ಎಂದಲ್ಲ. ಆ ಅಕ್ಷರಗಳು ಬಂದ ಸರದಿಯಂತೆ ಸಿಗುವಂಥವು. ಎರಡು ಡಿಸ್ಕುಗಳಿದ್ದರೆ ಇಂದಿನ ‘ಎ’ ನಾಳೆ ‘ಬಿ’ ಆದೀತು, ಹಾಡುಗಳ ಸಂಗ್ರಹ ಮಾಯವಾದಂತೆ ಕಂಡೀತು. ಯುಯುಐಡಿ ಡಿಸ್ಕಿನಲ್ಲೇ ಬರೆದಿಟ್ಟ ಗುರುತು, ಫಾರ್ಮ್ಯಾಟ್ ಮಾಡುವವರೆಗೆ ತಾನಾಗಿ ಬದಲಾಗದು. ಜೊತೆಗೆ ‘ನೋಫೇಲ್’ ಎಂಬ ಪದವನ್ನೂ ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಕಿತ್ತಿಟ್ಟ ದಿನ ಯಂತ್ರ ಸಾಮಾನ್ಯವಾಗಿ 90 ಸೆಕೆಂಡು ಕಾದು, ತುರ್ತು ಸ್ಥಿತಿಗೆ ಹೋಗಿ ನಿಲ್ಲುತ್ತದೆ. ಟಿವಿ ಮುಂದೆ ಕೂತ ಮನೆಯವರಿಗೆ ಬರೀ ಕಪ್ಪು ಪರದೆ.

ಸಿಕ್ಕಿಸುವುದು ತಾನೇ ತಾನಾಗಿ ನಡೆದರೂ ಬಿಡಿಸುವುದು ಹಾಗಲ್ಲ. ನೀವು ಪ್ರತಿ ಮಾಡಿದ ಫೈಲನ್ನು ಕರ್ನಲ್ ಮೊದಲು ಮೆಮೊರಿಯಲ್ಲಿಟ್ಟುಕೊಳ್ಳುತ್ತದೆ, ನಿಧಾನವಾಗಿ ಡಿಸ್ಕಿಗೆ ಇಳಿಸುತ್ತದೆ. ರೂಢಿಯ ಹೊಂದಿಕೆಯಲ್ಲಿ ಅದು 30 ಸೆಕೆಂಡಿನವರೆಗೂ ಕಾಯಬಹುದು. ಪರದೆಯಲ್ಲಿ ಪ್ರತಿ ಮುಗಿಯಿತೆಂದು ಕಂಡೊಡನೆ ಕಿತ್ತರೆ, ಮದುವೆ ವಿಡಿಯೊದ ಕೊನೆಯ ಭಾಗ ಡಿಸ್ಕನ್ನು ಸೇರಿಯೇ ಇರುವುದಿಲ್ಲ. ಪೆನ್‌ಡ್ರೈವ್ ಕೀಳುವ ಮೊದಲು ಕೋಡಿಯ ಮೆನುವಿನಲ್ಲಿ ‘ಸುರಕ್ಷಿತವಾಗಿ ತೆಗೆ’ ಎಂಬುದನ್ನು ದಯವಿಟ್ಟು ಒತ್ತಿ.