ಕಡೆಯ ಎರಡು ತಗಡುಗಳು

ಸ್ಪೇನ್ ದೇಶದ ಚಿತ್ರಕಾರ ಫ್ರಾನ್ಸಿಸ್ಕೊ ಗೋಯ 1828ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ತೀರಿಕೊಂಡನು. ಯುದ್ಧವನ್ನು ಕುರಿತು ಅವನು ಕೊರೆದಿದ್ದ 82 ತಾಮ್ರದ ತಗಡುಗಳಿಂದ ಮೂಡಿದ ಚಿತ್ರಗಳನ್ನು ಅಂದಿಗೆ ಅವನ ಆಪ್ತರಾದ ಕೆಲವರನ್ನು ಬಿಟ್ಟರೆ ಯಾರೂ ಕಂಡಿರಲಿಲ್ಲ. ಇನ್ನೂ ಮೂವತ್ತೈದು ವರ್ಷ ಯಾರೂ ಕಾಣುವಂತಿರಲಿಲ್ಲ.

ಈ ಬಗೆಯ ಚಿತ್ರಗಳಿಗೆ ಎಚಿಂಗ್ ಎಂದು ಹೆಸರು. ತಾಮ್ರದ ತಗಡಿಗೆ ಮೇಣದಂತಹ ಲೇಪವನ್ನು ಬಳಿದು, ಸೂಜಿಯ ಮೊನೆಯಿಂದ ಅದನ್ನು ಗೀರಿ ಚಿತ್ರ ಬರೆಯುತ್ತಾರೆ. ಬಳಿಕ ತಗಡನ್ನು ಆಮ್ಲದಲ್ಲಿ ಅದ್ದಿದರೆ, ಲೇಪ ಹೋದ ಕಡೆಗಳಲ್ಲಿ ಮಾತ್ರ ಆಮ್ಲವು ತಾಮ್ರವನ್ನು ತಿಂದು ಗೆರೆಗಳನ್ನು ಆಳಗೊಳಿಸುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ವರ್ಣಚಿತ್ರಕ್ಕೆ ಒಬ್ಬನೇ ಒಡೆಯ. ಎಚಿಂಗಿಗೆ ಎರಡು ಬಗೆಯ ಒಡೆಯರು. ಕಾಗದದ ಪ್ರತಿಯನ್ನು ಪಡೆದವರು ಕೆಲವರಾದರೆ, ತಗಡನ್ನು ಇರಿಸಿಕೊಂಡವರು ಬೇರೆಯವರು. ಜಗತ್ತು ಏನನ್ನು ನೋಡಬೇಕೆಂಬುದು ತಗಡಿನ ಒಡೆಯನ ಕೈಯಲ್ಲಿರುತ್ತದೆ.

ಗೋಯನಿಗೆ ಈ ಮಾತು ಅನುಭವದಿಂದಲೇ ತಿಳಿದಿತ್ತು. 1799ರಲ್ಲಿ ಅವನು 'ಕಪ್ರಿಚೋಸ್' ಎಂಬ 80 ವಿಡಂಬನ ಚಿತ್ರಗಳ ಸಂಪುಟವನ್ನು ಮ್ಯಾಡ್ರಿಡ್ಡಿನ ಒಂದು ಸುಗಂಧದ್ರವ್ಯದ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಿದ್ದನು. ಕೆಲವೇ ಪ್ರತಿಗಳು ಮಾರಾಟವಾಗುವಷ್ಟರಲ್ಲಿ ಅದನ್ನು ಹಿಂತೆಗೆದುಕೊಂಡನು. 1803ರಲ್ಲಿ ಆ ತಗಡುಗಳನ್ನೂ ಉಳಿದ ಪ್ರತಿಗಳನ್ನೂ ಅರಸನಿಗೆ ಒಪ್ಪಿಸಿ, ಪ್ರತಿಯಾಗಿ ತನ್ನ ಮಗ ಹವಿಯೇರನಿಗೆ ವೇತನವನ್ನು ಪಡೆದನು.

1808ರಲ್ಲಿ ನೆಪೋಲಿಯನ್ನನ ಸೇನೆ ಸ್ಪೇನನ್ನು ಆಕ್ರಮಿಸಿತು. ಗೋಯ ಮುತ್ತಿಗೆಗೆ ಒಳಗಾಗಿದ್ದ ಸರಗೋಸ ನಗರಕ್ಕೆ ಹೋಗಿ ಬಂದನು. 1811–12ರಲ್ಲಿ ಮ್ಯಾಡ್ರಿಡ್ ಕ್ಷಾಮಕ್ಕೆ ತುತ್ತಾದುದನ್ನು ಕಂಡನು. ಈ ಚಿತ್ರಗಳಲ್ಲಿ ವೀರರ ಜಯಘೋಷವಿಲ್ಲ. ಕೊಲ್ಲುವ ಫ್ರೆಂಚರೂ ಇದ್ದಾರೆ, ಕೊಲ್ಲುವ ಸ್ಪೇನಿನವರೂ ಇದ್ದಾರೆ. ಒಳ್ಳೆಯ ತಾಮ್ರ ಸಿಗದಿದ್ದಾಗ ಹಳೆಯ ನಿಸರ್ಗಚಿತ್ರದ ತಗಡನ್ನೇ ಕತ್ತರಿಸಿ ಅದರ ಹಿಂಬದಿಯಲ್ಲಿ ಅವನು ಕೊರೆದುದುಂಟು. 1814ರಲ್ಲಿ ಹಿಂದಿರುಗಿದ ಅರಸ ಏಳನೆಯ ಫರ್ಡಿನಾಂಡ್ ಸಂವಿಧಾನವನ್ನು ರದ್ದುಗೊಳಿಸಿ, ಧರ್ಮವಿಚಾರಣೆಯ ನ್ಯಾಯಾಲಯವನ್ನು ಮತ್ತೆ ಸ್ಥಾಪಿಸಿದನು. ಅಂತಹ ಕಾಲದಲ್ಲಿ ಈ ಚಿತ್ರಗಳನ್ನು ಪ್ರಕಟಿಸುವುದು ಸಾಹಸವಲ್ಲ, ಅವಿವೇಕವೇ ಆಗುತ್ತಿತ್ತು. ಗೋಯ ಒಂದು ಪೂರ್ಣ ಸಂಪುಟವನ್ನು ಮಾತ್ರ ಕಟ್ಟಿಸಿ, ಮಿತ್ರನೂ ಕಲಾಚರಿತ್ರಕಾರನೂ ಆದ ಸೆಯಾನ್ ಬೆರ್ಮೂದೆಸ್‌ನಿಗೆ ಕೊಟ್ಟನು.

ಹವಿಯೇರ್ 1854ರಲ್ಲಿ ಮರಣ ಹೊಂದಿದನು. 1862ರಲ್ಲಿ ಮ್ಯಾಡ್ರಿಡ್ಡಿನ ಸಾನ್ ಫರ್ನಾಂಡೋ ರಾಜ ಕಲಾ ಅಕಾಡೆಮಿಯು 80 ತಗಡುಗಳನ್ನು ಪಡೆದು, ಮರುವರ್ಷ ಅವುಗಳನ್ನು ಅಚ್ಚುಹಾಕಿಸಿತು. ಸಂಪುಟಕ್ಕೆ 'ಯುದ್ಧದ ಅನಾಹುತಗಳು' ಎಂಬ ಹೆಸರನ್ನಿಟ್ಟುದೂ ಅಕಾಡೆಮಿಯೇ. ಗೋಯ ಇಟ್ಟ ಹೆಸರು ಬೇರೆಯಾಗಿತ್ತು, ಬಲು ಉದ್ದವಾಗಿತ್ತು. ತಗಡುಗಳನ್ನು ಅಲ್ಲಲ್ಲಿ ತಿದ್ದಿ, ಮಸಿಯ ತೆಳುಪೊರೆಯನ್ನು ಮೇಲೆ ಉಳಿಸಿ ಒತ್ತಿದುದರಿಂದ, ಗೋಯ ತಾನೇ ತೆಗೆಸಿದ ಪ್ರತಿಗಳ ನಿಷ್ಠುರವಾದ ಬಿಳುಪು ಮಂಕಾಯಿತು. ಚಿತ್ರಗಳ ಕೆಳಗಿನ ಶೀರ್ಷಿಕೆಗಳನ್ನು ಸೆಯಾನನ ಸಂಪುಟದಿಂದ ತೆಗೆದುಕೊಂಡರು. ಆದರೆ ಆ ಸಂಪುಟದ ಕಡೆಯ ಎರಡು ಯುದ್ಧಚಿತ್ರಗಳ ತಗಡುಗಳು ಅಕಾಡೆಮಿಯ ಬಳಿ ಇರಲಿಲ್ಲ.

ಈ ಕೊರತೆ ಸಣ್ಣದಲ್ಲ. ಎಪ್ಪತ್ತೊಂಬತ್ತನೆಯ ಚಿತ್ರದಲ್ಲಿ ಸತ್ಯವೆಂಬ ತರುಣಿ ಸತ್ತು ಬಿದ್ದಿದ್ದಾಳೆ. ಪಾದ್ರಿಗಳು ಅವಳನ್ನು ಹೂಳಲು ನೆರೆದಿದ್ದಾರೆ. ಎಂಬತ್ತನೆಯದರಲ್ಲಿ ಅವಳ ಮೈಯಿಂದ ಬೆಳಕು ಹೊಮ್ಮುತ್ತಿದೆ. ಕೆಳಗೆ, ಅವಳು ಮತ್ತೆ ಎದ್ದಾಳೆಯೇ ಎಂಬ ಪ್ರಶ್ನೆ. 1863ರ ಓದುಗನಿಗೆ ಸಂಪುಟ ಅಲ್ಲಿಗೇ ಮುಗಿಯಿತು. ಗೋಯನು ಅಲ್ಲಿಗೆ ನಿಲ್ಲಿಸಿರಲಿಲ್ಲ. ಎಂಬತ್ತೊಂದನೆಯ ಚಿತ್ರದಲ್ಲಿ ಮನುಷ್ಯರ ದೇಹಗಳು ಬಾಯಿಂದ ಜೋತುಬಿದ್ದ ಒಂದು ಘೋರ ಮೃಗ ಒರಗಿದೆ. ಅದರ ಮುಂದಿನ ಚಿತ್ರದಲ್ಲಿ ಅದೇ ಪ್ರಕಾಶದ ಹೆಣ್ಣು ಗಡ್ಡದ ರೈತನೊಬ್ಬನ ಪಕ್ಕದಲ್ಲಿ ನಿಂತಿದ್ದಾಳೆ; ಬಳಿಯಲ್ಲಿ ಕುರಿಯಿದೆ, ಬುಟ್ಟಿಯಿದೆ. ಅದರ ಹೆಸರು 'ಇದೇ ನಿಜ'. ಪ್ರಶ್ನೆ ಮುದ್ರಣವಾಯಿತು, ಉತ್ತರ ಬೇರೊಬ್ಬರ ಮನೆಯಲ್ಲಿ ಉಳಿಯಿತು.

ಆ ಎರಡು ತಗಡುಗಳನ್ನು ಫ್ರೆಂಚ್ ವಿದ್ವಾಂಸ ಪಾಲ್ ಲಫೋರ್ 1870ರಲ್ಲಿ ಅಕಾಡೆಮಿಗೆ ದಾನವಾಗಿ ಕೊಟ್ಟನು. ಆದರೂ ವಾಡಿಕೆಯ ಬಲ ದೊಡ್ಡದು: 1937ರಲ್ಲಿ, ಅಂತರ್ಯುದ್ಧದ ನಡುವೆ, ಮ್ಯಾಡ್ರಿಡ್ಡಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ತೆಗೆದ ಏಳನೆಯ ಮುದ್ರಣದಲ್ಲಿಯೂ 80 ಚಿತ್ರಗಳೇ ಇದ್ದವು. ಸೆಯಾನನ ಸಂಪುಟವಾದರೋ ಹಲವು ಸಂಗ್ರಾಹಕರ ಕೈದಾಟಿ 1975ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ಅದರಲ್ಲಿ ರೈತನ ಚಿತ್ರವು ಗೋಯ ಇರಿಸಿದ ಸ್ಥಳದಲ್ಲಿಯೇ, ಮೃಗದ ಚಿತ್ರದ ಮರುಪುಟದಲ್ಲಿ ಬರುತ್ತದೆ.